ಇಪ್ಪತ್ತೆಂಟರಲ್ಲಿ ಇಪ್ಪತ್ತೇಳು

ಫೆಬ್ರವರಿ. ಮಿನಿಯಾಪೊಲಿಸ್.
ಹೊರಗೆ ನದಿಯೇ ಹೆಪ್ಪುಗಟ್ಟಿ ನಿಂತುಬಿಟ್ಟಿದೆ.
ಕಾನೂನು ಕಾಲೇಜಿನ ನೆಲಮಾಳಿಗೆಯ ಲೈಬ್ರರಿಯಲ್ಲಿ
ಹೀಟರ್ ಪಕ್ಕದ ಮೇಜು ಹಿಡಿದು
ನಾನು, ಮಾರಿಟ್ ಹೌಗೆನ್, ಮೊದಲ ವರ್ಷ,
ವಕೀಲರ ಕಂಪನಿಗಳ ಜಾತಕ ಬರೆಯುತ್ತಿದ್ದೇನೆ.

ಎಡಕ್ಕೆ ಹೆಸರು. ಒಂದೊಂದು ಹೆಸರಲ್ಲೂ
ಸತ್ತ ಗಂಡಸರು ಮೂರು ಮೂರು ಮಂದಿ
ಅಲ್ಪವಿರಾಮ ಹಾಕಿಕೊಂಡು ಕೂತಿದ್ದಾರೆ.
ನಡುವೆ, ಹೋದ ಬೇಸಿಗೆ ಕಲಿಯಲು ಬಂದವರೆಷ್ಟು.
ಬಲಕ್ಕೆ, ಕೊನೆಗೆ ಕೆಲಸ ಸಿಕ್ಕವರೆಷ್ಟು.

ಹದಿನಾಲ್ಕಕ್ಕೆ ಹದಿನಾಲ್ಕು.
ಒಂಬತ್ತಕ್ಕೆ ಒಂಬತ್ತು.
ನಲವತ್ತೊಂದಕ್ಕೆ ನಲವತ್ತೊಂದು.
ನೂರಕ್ಕೆ ನೂರು, ಮತ್ತೆ ನೂರಕ್ಕೆ ನೂರು.
ನನಗೆ ಇಷ್ಟು ನೂರು ಬಂದದ್ದು
ಮೂರನೇ ಕ್ಲಾಸಿನ ಸ್ಪೆಲಿಂಗ್ ಪರೀಕ್ಷೆಯಲ್ಲಿ ಮಾತ್ರ,
ಅದೂ ಪಕ್ಕದವಳದ್ದು ನೋಡಿ ಬರೆದಾಗ.

ಅಪ್ಪ ಡುಲೂತ್ ಬಂದರಿನಲ್ಲಿ ಹಡಗಿಗೆ ಅದಿರು ತುಂಬುವವ.
ಎಷ್ಟು ಟನ್ನು ಹೋಯಿತೆಂದು ಕ್ಯಾಪ್ಟನ್‌ನನ್ನು ಕೇಳಬೇಡ,
ಹಡಗಿನ ಮೈ ನೋಡು, ನೀರು ಯಾವ ಗೆರೆ ಮುಟ್ಟಿದೆ
ಅಂತ ಹೇಳುತ್ತಾನೆ.
ನನ್ನ ಸಾಲ ಒಂದು ಲಕ್ಷ ನಲವತ್ತು ಸಾವಿರ ಡಾಲರ್ ಮುಟ್ಟಲಿದೆ.
ಈ ಕಂಪನಿಗಳ ಮೈಮೇಲೆ ಆ ಗೆರೆ ಎಲ್ಲಿದೆ?

ಮೂವತ್ತೊಂದನೇ ಸಾಲಿನಲ್ಲಿ ಒಂದು ಕಂಪನಿ:
ಇಪ್ಪತ್ತೆಂಟರಲ್ಲಿ ಇಪ್ಪತ್ತೇಳು.
ಅನ್ನದಲ್ಲಿ ಕಲ್ಲು ಕಚ್ಚಿದ ಹಲ್ಲಿನ ಹಾಗೆ
ಬೆರಳು ಅಲ್ಲೇ ನಿಂತಿತು.

ಯಾರು ಆ ಒಬ್ಬ?
ನ್ಯಾಯಾಧೀಶರ ಹೆಸರು ತಪ್ಪಾಗಿ ಬರೆದನೆ?
ದೋಣಿ ಪಾರ್ಟಿಯಲ್ಲಿ ಕುಡಿದು ಹಾಡಿದನೆ?
ಅಥವಾ ಅವಳೆ? ಬಸುರಿಯಾಗಿದ್ದಳೆ?
ರಾತ್ರಿ ಹನ್ನೊಂದರವರೆಗೆ ಇದೇ ಯೋಚನೆ.
ಉಳಿದ ಇಪ್ಪತ್ತೇಳು ಮಂದಿಯ ಬಗ್ಗೆ
ಒಂದು ನಿಮಿಷವೂ ಯೋಚಿಸಲಿಲ್ಲ.

ಕಂಪನಿಯ ಹಳೇ ಕರಪತ್ರದಲ್ಲಿ ಒಂದು ಫೋಟೊ.
ಕೆರೆ, ದೋಣಿ, ಎಲ್ಲರ ತಲೆಗೂ ಒಂದೇ ಬಣ್ಣದ ಟೋಪಿ.
ಪೆನ್ಸಿಲ್ ತುದಿಯಿಂದ ತಲೆ ಎಣಿಸಿದೆ: ಇಪ್ಪತ್ತೆಂಟು.
ಈಗಿನ ವಕೀಲರ ಪಟ್ಟಿ ಪಕ್ಕಕ್ಕಿಟ್ಟು
ಒಬ್ಬೊಬ್ಬರನ್ನೇ ಹೊಡೆದುಹಾಕುತ್ತ ಬಂದರೆ
ಕೊನೆಗೆ ಉಳಿದವನು ಅಂಚಿನಲ್ಲಿ ನಿಂತವನು,
ಕಾಗದದ ತಟ್ಟೆ ಹಿಡಿದವನು. ಕೆಳಗೆ ಹೆಸರು:
ಡೆಸ್ಮಂಡ್ ಆಕ್ಟರ್‌ಬರ್ಗ್.

ಸೇಂಟ್ ಪಾಲ್‌ನ ಬಾಡಿಗೆ ಕೋರ್ಟಿನಲ್ಲಿ ಸಿಕ್ಕ, ಫೋನಿನಲ್ಲಿ.
ಹಿಂದೆ ಯಾರದೋ ಮಗು ಅಳುತ್ತಿತ್ತು,
ಯಾರದೋ ಮನೆ ಖಾಲಿಯಾಗುವುದರಲ್ಲಿತ್ತು.
ಹೇಗೆ ಕೇಳುವುದೆಂದು ತಡವರಿಸಿದೆ. ಅವನೇ ಹೇಳಿದ:
"ಮೂರು ಮೆಮೊ ಬರೆದೆ. ಎರಡು ಕೆಟ್ಟದಾಗಿದ್ದವು.
ಅವರು ಸುಳ್ಳು ಹೇಳಲಿಲ್ಲ.

ಎದುರು ರಸ್ತೆಯಲ್ಲಿ ನೂರಕ್ಕೆ ನೂರರವರಿದ್ದಾರಲ್ಲ,
ನನ್ನ ರೂಮ್‌ಮೇಟ್ ಅಲ್ಲಿದ್ದ.
ಅವನಿಗೆ ಪತ್ರ ಕೊಟ್ಟರು, ಕೈ ಕುಲುಕಿದರು,
ಲಿಫ್ಟಿನವರೆಗೂ ಬಂದು ಮೆಲ್ಲಗೆ,
'ಒಪ್ಪಿಕೊಳ್ಳದಿದ್ದರೆ ನಿನಗೇ ಒಳ್ಳೆಯದು' ಅಂದರು.
ತಣ್ಣನೆಯ ಆಫರ್ ಅಂತಾರೆ ಅದಕ್ಕೆ.
ಕದ ಮುಚ್ಚುತ್ತ ಮುಚ್ಚುತ್ತ
'ಊಟ ಮಾಡಿಕೊಂಡು ಹೋಗಬಹುದಿತ್ತು' ಅನ್ನುವುದಿಲ್ಲವೆ, ಹಾಗೆ.
ಅವನು ಬೇಡ ಅಂದ.
ಅವರ ನೂರು ಮುಕ್ಕಾಗದೆ ಉಳಿಯಿತು.

ನಾನು ನೋಡು, ಕಳೆದುಹೋದರೂ ಲೆಕ್ಕದಲ್ಲಿದ್ದೇನೆ."

ನಕ್ಕನೋ ಕೆಮ್ಮಿದನೋ ಗೊತ್ತಾಗಲಿಲ್ಲ.
ಅವನ ಕೇಸು ಕೂಗಿದರು. ಫೋನಿಡುವ ಮುಂಚೆ,
"ಆ ಫೋಟೊದಲ್ಲಿ ನನ್ನ ಕೈಯಲ್ಲಿ ತಟ್ಟೆ ಇದೆಯಾ?"
ಇದೆ, ಅಂದೆ.
"ಜೋಳದ ತೆನೆ. ಎಲ್ಲರನ್ನೂ ಫೋಟೊಗೆ ಕರೆದರು,
ಕಚ್ಚುವುದೋ ಬೇಡವೋ ಅಂತ ಹಾಗೇ ನಿಂತಿದ್ದೆ."

ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿದೆ.
ಅದಕ್ಕೆ ಏನು ತಲೆಬರಹ ಕೊಡಲಿ ಹೊಳೆಯಲಿಲ್ಲ.
ಮೂವತ್ತೊಂದನೇ ಸಾಲಿನವರಿಗೆ ಅರ್ಜಿ ಹಾಕಿದೆ,
ಎದುರು ರಸ್ತೆಯವರಿಗೂ ಹಾಕಿದೆ.
ಸಾಲಕ್ಕೆ ಇದೆಲ್ಲ ಅರ್ಥವಾಗುವುದಿಲ್ಲ.